ಒಂದು ಕೈ, ಒಂದು ಅಲಗು, ಒಂದು ಸಣ್ಣ ತಡೆ

ಮೆಕ್ಕೆಜೋಳದ ಚೀಲವನ್ನು ಮೊಣಕಾಲಿಗೆ ಒತ್ತಿ ನಿಲ್ಲಿಸಿಕೊಂಡವರಿಗೆ ಉಳಿಯುವುದು ಒಂದೇ ಕೈ. ಎಡಗೈ ಚೀಲದ ಮೂಲೆಯನ್ನು ಬಿಡುವಂತಿಲ್ಲ, ಬಿಟ್ಟರೆ ಚೀಲ ಮಗುಚುತ್ತದೆ. ಬಾಯಿಯ ಹೊಲಿಗೆ ಕತ್ತರಿಸಬೇಕಾದ ಚಾಕು ಮಡಚಿಕೊಂಡು ಜೇಬಿನಲ್ಲಿದೆ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ, ಹರಿಹರದ ಕಡೆಯ ಶೆಡ್ಡುಗಳಲ್ಲಿ, ಸರಕು ಇಳಿಸಿ ಏರಿಸುವ ಎಲ್ಲ ಕಡೆ ಈ ಗಳಿಗೆ ದಿನಕ್ಕೆ ಹಲವು ಸಲ ಬರುತ್ತದೆ. ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವಾಗ, ಲಾರಿಯ ಮೇಲೆ ಒಂದು ಕೈಯಲ್ಲಿ ಹಗ್ಗ ಹಿಡಿದು ನಿಂತಾಗ, ಏಣಿಯ ತುದಿಯಲ್ಲಿ ವೈರು ಸುಲಿಯುವಾಗ ಎರಡನೆಯ ಕೈ ಬೇರೊಂದು ಕೆಲಸದಲ್ಲಿ ಸಿಕ್ಕಿಕೊಂಡಿರುತ್ತದೆ. ಮಡಚುವ ಚಾಕನ್ನು ಒಂದೇ ಕೈಯಲ್ಲಿ, ಥಟ್ಟನೆ, ಬೆರಳು ಕುಯ್ದುಕೊಳ್ಳದೆ ತೆರೆಯುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿದ್ದು ಇಂಥ ಕೆಲಸಗಳಲ್ಲೇ. ಅದರ ಉತ್ತರದಲ್ಲಿ ಸ್ನಾಯುಗಳ ಶರೀರಶಾಸ್ತ್ರವಿದೆ, ಘರ್ಷಣೆಯ ಭೌತಶಾಸ್ತ್ರವಿದೆ, ಹರಿಹರದ ಲೇತು ಕೆಲಸಗಾರರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೋನದ ಲೆಕ್ಕವೂ ಇದೆ.

ಮಡಚುವ ಚಾಕು ಬಹಳ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿರುವುದು ಕ್ರಿ.ಪೂ. 6ನೆಯ ಶತಮಾನದ ಆಸುಪಾಸಿನದು. ಅಲ್ಲಿಂದ ಮುಂದೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಈ ಚಾಕುಗಳು ಬಹುಮಟ್ಟಿಗೆ ಎರಡು ಕೈಯ ಸಾಧನಗಳಾಗಿಯೇ ಉಳಿದವು. ನಮ್ಮ ಸಂತೆಗಳಲ್ಲಿ ಸಿಗುವ ಸಾಧಾರಣ ಮಡಚುಚಾಕನ್ನೇ ನೋಡಿ. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇರುತ್ತದೆ. ಹಿಡಿಯ ಬೆನ್ನಿನಲ್ಲಿರುವ ಪಟ್ಟಿ ಸ್ಪ್ರಿಂಗು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದರ ಉಗುರಿನಲ್ಲಿ ಗೀರು ಹಿಡಿದು ಎಳೆದರೆ ಮಾತ್ರ ಅದು ಬಿಚ್ಚುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಪ್ರಸಿದ್ಧ ರೈತರ ಚಾಕಿನಲ್ಲಿ ಆ ಸ್ಪ್ರಿಂಗೂ ಇಲ್ಲ. ಮರದ ಹಿಡಿ ಅಲಗನ್ನು ಕಚ್ಚಿಕೊಳ್ಳುವ ಘರ್ಷಣೆಯೇ ಅದರ ಬಿಗಿ. ತೇವಕ್ಕೆ ಮರ ಉಬ್ಬಿದರೆ ಅಲಗು ಹೊರಬರುವುದೇ ಇಲ್ಲ. ಆಗ ಅಲ್ಲಿನವರು ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಸಡಿಲಿಸಿಕೊಳ್ಳುತ್ತಾರೆ.

ನಮ್ಮ ಊರುಗಳಲ್ಲಿ ಒಂದೇ ಕೈಯಲ್ಲಿ ಲೀಲಾಜಾಲವಾಗಿ ತೆರೆದುಕೊಳ್ಳುತ್ತಿದ್ದ ಮಡಚುವ ಅಲಗು ಯಾವುದೆಂದು ಕೇಳಿದರೆ ನಾನು ತೋರಿಸುವುದು ಕ್ಷೌರದಂಗಡಿಯ ಕತ್ತಿಯನ್ನು. ಅದರ ಅಲಗಿನ ಬುಡ ಕೀಲನ್ನು ದಾಟಿ ಹಿಂದಕ್ಕೆ ಬಾಲದಂತೆ ಚಾಚಿಕೊಂಡಿರುತ್ತದೆ. ಬೆರಳಿನಿಂದ ಆ ಬಾಲವನ್ನು ಒತ್ತಿದರೆ ಕೀಲಿನ ಆಚೆಗಿರುವ ಅಲಗು ಎದ್ದು ಬರುತ್ತದೆ. ಈಗ ಒಮ್ಮೆ ಬಳಸಿ ಎಸೆಯುವ ಬ್ಲೇಡು ಸಿಕ್ಕಿಸುವ ಕತ್ತಿಗಳು ಬಂದಿದ್ದರೂ ಬಾಲ ಹಾಗೆಯೇ ಉಳಿದಿದೆ. ಇಂದು ದುಬಾರಿ ಚಾಕುಗಳಲ್ಲಿ ಕಾಣುವ, ತೋರುಬೆರಳಿನಿಂದ ಒತ್ತುವ ಫ್ಲಿಪ್ಪರ್ ಎಂಬ ಮೊನೆ ಈ ಬಾಲದ ವಂಶದ್ದೇ.

ಗೋದಾಮಿನ ಪ್ರಶ್ನೆಗೆ ಅತ್ಯಂತ ಅಗ್ಗದ ಉತ್ತರ ಸಿಕ್ಕಿದ್ದು ಮಾತ್ರ ಜಪಾನಿನ ಒಸಾಕಾದಲ್ಲಿ. 1956ರಲ್ಲಿ ಯೋಶಿಯೊ ಒಕಾಡಾ ಎಂಬವರು, ಮೊಂಡಾದ ತುದಿಯನ್ನು ಮುರಿದು ಎಸೆದು ಹೊಸ ತುದಿ ಪಡೆಯುವ ಅಲಗನ್ನು ಕಂಡುಹಿಡಿದರು. ಒಡೆದ ಗಾಜಿನ ಚೂಪು ಅಂಚು, ಗೆರೆಗಳ ಗುಂಟ ಮುರಿಯುವ ಚಾಕೊಲೇಟ್ ಪಟ್ಟಿ, ಇವೆರಡರಿಂದ ಅವರಿಗೆ ಈ ಉಪಾಯ ಹೊಳೆಯಿತಂತೆ. ನಾವು ಬರೀ 'ಕಟ್ಟರ್' ಎಂದು ಕರೆಯುವುದು ಇದನ್ನೇ. ಇಲ್ಲಿ ಅಲಗು ಮಡಚುವುದಿಲ್ಲ, ಜಾರುತ್ತದೆ. ಹೆಬ್ಬೆರಳು ನೇರ ಗೆರೆಯಲ್ಲಿ ಮುಂದೆ ಹೋದರೆ ಸಾಕು, ಅದಕ್ಕೆ ಯಾವ ಕಲಿಕೆಯೂ ಬೇಡ. ಪಟ್ಟಿ, ಟೇಪು, ಚೀಲದ ಹೊಲಿಗೆ ಮಾತ್ರ ಕತ್ತರಿಸುವವರು ಬೇರೇನನ್ನೂ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ತೆಳು ಅಲಗಿಗೆ ಗಟ್ಟಿ ಹಗ್ಗ, ದಪ್ಪ ರಬ್ಬರು, ಮರ ಕೊಟ್ಟರೆ ಅದು ಬಾಗುತ್ತದೆ, ಮುರಿದು ಸಿಡಿಯುತ್ತದೆ. ಅಂಥ ಕಡೆ ದಪ್ಪ ಅಲಗಿನ ಮಡಚುಚಾಕೇ ಬೇಕು. ಹೆಬ್ಬೆರಳಿನ ತೊಂದರೆ ಶುರುವಾಗುವುದೂ ಅಲ್ಲೇ.

ಹೆಬ್ಬೆರಳು ಮಣಿಕಟ್ಟಿನ ಬಳಿಯ ಬುಡದ ಕೀಲಿನಿಂದ ತಿರುಗುತ್ತದೆ. ಅಲಗು ಹಿಡಿಯ ತುದಿಯ ಕೀಲಿನಿಂದ ತಿರುಗುತ್ತದೆ. ಹೆಬ್ಬೆರಳ ತುದಿ ಬಿಡಿಸುವುದು ದೊಡ್ಡ ವೃತ್ತ. ಅಲಗಿನ ಮೇಲೆ ಹೆಬ್ಬೆರಳಿಗೆಂದು ಕೂರಿಸಿದ ಗುಬುಟು ಬಿಡಿಸುವುದು ಒಂದೂವರೆ ಎರಡು ಸೆಂಟಿಮೀಟರ್ ತ್ರಿಜ್ಯದ ಪುಟ್ಟ ವೃತ್ತ. ಈ ಎರಡು ವೃತ್ತಗಳು ಸ್ವಲ್ಪ ದೂರ ಮಾತ್ರ ಜೊತೆಗೆ ಸಾಗುತ್ತವೆ. ಹೊಸಬರು ಹೆಬ್ಬೆರಳನ್ನು ಗುಬುಟಿನ ಮೇಲಿಟ್ಟು ಹಿಡಿಯ ಕಡೆಗೋ ಕೀಲಿನ ಕಡೆಗೋ ಬಲವಾಗಿ ಒತ್ತುತ್ತಾರೆ. ಚರ್ಮ ನೋಯುತ್ತದೆ, ಅಲಗು ಅಲ್ಲಾಡುವುದಿಲ್ಲ. ಕೀಲಿನ ನಡುವಿನ ಮೂಲಕ ಹಾದುಹೋಗುವ ಬಲಕ್ಕೆ ತಿರುಗಿಸುವ ಗುಣ ಒಂದಿಷ್ಟೂ ಇಲ್ಲ. ಟಾರ್ಕ್ ಎಂದರೆ ಬಲವನ್ನು ಕೀಲಿನಿಂದ ಅದಕ್ಕಿರುವ ಲಂಬ ದೂರದಿಂದ ಗುಣಿಸಿದ್ದು. ಆದ್ದರಿಂದ ಹೆಬ್ಬೆರಳು ಮೊದಲು ಹಿಡಿಯಿಂದ ಹೊರಗೆ ತಳ್ಳಬೇಕು, ಅಲಗು ಕಾಲುಭಾಗ ಎದ್ದ ಮೇಲೆ ಮುಂದಕ್ಕೆ ಸವರಬೇಕು, ಕೊನೆಯಲ್ಲಿ ಗಿಣ್ಣು ನೆಟ್ಟಗಾಗಬೇಕು. ಮೂರೂ ಸೇರಿ ಒಂದೇ ಚಲನೆ. ನಿಧಾನವಾಗಿ ಅಭ್ಯಾಸ ಮಾಡಿದವರಿಗೆ ಇದು ಬೇಗ ಕೈಗೂಡುತ್ತದೆ. ವೇಗ ಆಮೇಲೆ ತಾನಾಗಿ ಬರುತ್ತದೆ.

1981ರಲ್ಲಿ ಅಮೆರಿಕದ ಕೊಲರಾಡೊದ ಸ್ಪೈಡರ್ಕೋ ಕಂಪನಿ, ಸಾಲ್ ಗ್ಲೆಸ್ಸರ್ ರೂಪಿಸಿದ ಚಾಕೊಂದರಲ್ಲಿ ಗುಬುಟಿನ ಬದಲು ಅಲಗಿಗೇ ಒಂದು ದುಂಡು ತೂತು ಕೊರೆಯಿತು. ನೋಡಲು ಅತಿ ಸರಳ, ಆದರೆ ಕೈಯ ರಚನೆಯನ್ನು ಬಲ್ಲ ಉಪಾಯ. ಹೆಬ್ಬೆರಳ ಮೆದು ಮಾಂಸ ತೂತಿನೊಳಗೆ ಸ್ವಲ್ಪ ಇಳಿಯುತ್ತದೆ. ಅಲಗು ತಿರುಗಿದಂತೆ ತೂತಿನ ಬೇರೆ ಬೇರೆ ಅಂಚು ಬೆರಳಿಗೆ ಸಿಗುತ್ತಾ ಹೋಗುತ್ತದೆ. ಎರಡು ವೃತ್ತಗಳ ಜಗಳವನ್ನು ಚರ್ಮವೇ ಹೊಂದಿಸಿಕೊಳ್ಳುತ್ತದೆ. ಕೈಗವಸು ತೊಟ್ಟವರಿಗೂ ಇದು ನಡೆಯುತ್ತದೆ, ಎಡಗೈಗೂ ನಡೆಯುತ್ತದೆ.

ಇಲ್ಲಿಯವರೆಗಿನದು ಅಲಗನ್ನು ಬೆರಳು ಕೊನೆಯವರೆಗೂ ಕರೆದೊಯ್ಯುವ ಬಗೆ. ಇನ್ನೊಂದು ಬಗೆಯಲ್ಲಿ ಬೆರಳು ಶುರುವಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಉಳಿದ ದಾರಿಯನ್ನು ಅಲಗು ತನ್ನದೇ ಓಟದಲ್ಲಿ ಮುಗಿಸುತ್ತದೆ. ಇದರ ಗುಟ್ಟು ಕಣ್ಣಿಗೆ ಸುಲಭವಾಗಿ ಬೀಳದ ಒಂದು ಉಕ್ಕಿನ ಅಥವಾ ಪಿಂಗಾಣಿಯ ಗುಂಡಿನಲ್ಲಿದೆ. ಹಿಡಿಯ ಒಳಮೈಯ ತೆಳು ಲೋಹಪಟ್ಟಿಯಲ್ಲಿ ಕೂತಿರುವ, ಸುಮಾರು ಒಂದೂವರೆ ಮಿಲಿಮೀಟರ್ ವ್ಯಾಸದ ಗುಂಡು ಅದು. ಅಲಗು ಮಡಚಿದ್ದಾಗ ಅಲಗಿನ ಬುಡದಲ್ಲಿ ಕೊರೆದ ಕುಳಿಯೊಳಗೆ ಅದು ಇಳಿದು ಕೂರುತ್ತದೆ. ಇದಕ್ಕೆ ಡಿಟೆಂಟ್ ಎಂದು ಹೆಸರು. ಜೇಬಿನಲ್ಲಿ ಅಲಗು ತಾನಾಗಿ ತೆರೆದುಕೊಳ್ಳದಂತೆ ತಡೆಯುವುದು ಅದರ ಮೊದಲ ಕೆಲಸ. ಅಲಗನ್ನು ವೇಗವಾಗಿ ತೆರೆಯುವುದು ಎರಡನೆಯ ಕೆಲಸ. ತಡೆಯುವ ವಸ್ತು ವೇಗ ಕೊಡುವುದು ಹೇಗೆ? ಈ ಅಧ್ಯಾಯದ ಜೀವ ಇರುವುದೇ ಈ ಪ್ರಶ್ನೆಯಲ್ಲಿ.

ಒಮ್ಮೆ ಚಿಟಿಕೆ ಹೊಡೆದು ನೋಡಿ. ನಡುಬೆರಳು ಹೆಬ್ಬೆರಳನ್ನು ಒತ್ತುತ್ತದೆ, ಕ್ಷಣಹೊತ್ತು ಏನೂ ಆಗುವುದಿಲ್ಲ, ಬಳಿಕ ಬೆರಳು ಫಕ್ಕನೆ ಜಾರಿ ಅಂಗೈಗೆ ಬಡಿಯುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಾದ್ ಭಾಮ್ಲಾ ಅವರ ಪ್ರಯೋಗಾಲಯ 2021ರಲ್ಲಿ ಇದನ್ನು ವೇಗದ ಕ್ಯಾಮೆರಾಗಳಲ್ಲಿ ಹಿಡಿದು ಅಳೆಯಿತು. ಬೆರಳು ಜಾರುವುದು ಸುಮಾರು 7 ಮಿಲಿಸೆಕೆಂಡಿನಲ್ಲಿ. ಕಣ್ಣೆವೆ ಬಡಿಯಲು ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ಕಾಲ ಬೇಕು. ಬೆರಳಿನ ಗರಿಷ್ಠ ತಿರುಗುವೇಗ ಸೆಕೆಂಡಿಗೆ 7,800 ಡಿಗ್ರಿ. ಸಂಶೋಧಕರು ಬೆರಳಿಗೆ ಜಾರುವ ದ್ರವ ಸವರಿದರು, ರಬ್ಬರು ತೊಡಿಸಿದರು, ಲೋಹದ ಟೋಪಿ ಹಾಕಿದರು. ಘರ್ಷಣೆ ಬಹಳ ಕಡಿಮೆಯಾದಾಗ ಬೆರಳು ಬಲ ತುಂಬಿಕೊಳ್ಳುವ ಮೊದಲೇ ಜಾರಿತು. ಬಹಳ ಹೆಚ್ಚಾದಾಗ ಕೂಡಿಟ್ಟ ಶಕ್ತಿ ಉಜ್ಜಾಟದಲ್ಲೇ ಹೋಯಿತು. ಬರಿಯ ಚರ್ಮದ ಘರ್ಷಣೆ ಎರಡರ ನಡುವಿನ ಹದದಲ್ಲಿತ್ತು.

ಸ್ನಾಯುವಿನ ಒಂದು ಸ್ವಭಾವವನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಬ್ರಿಟಿಷ್ ಶರೀರಶಾಸ್ತ್ರಜ್ಞ ಎ.ವಿ. ಹಿಲ್ 1938ರಲ್ಲಿ ತೋರಿಸಿದಂತೆ, ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತದೋ ಅಷ್ಟು ಕಡಿಮೆ ಬಲ ಕೊಡುತ್ತದೆ. ಪೂರ್ಣ ಬಲ ಬೇಕೆಂದರೆ ಅದು ಹೆಚ್ಚುಕಡಿಮೆ ನಿಂತಲ್ಲೇ ನಿಂತು ಒತ್ತಬೇಕು, ಆ ಬಲ ಏರಲು ಒಂದಿಷ್ಟು ಕಾಲವೂ ಬೇಕು. ಡಿಟೆಂಟಿನ ಗುಂಡು ಬೆರಳಿಗೆ ಕೊಡುವುದು ಈ ಕಾಲವನ್ನೇ. ತೋರುಬೆರಳು ಫ್ಲಿಪ್ಪರ್ ಮೊನೆಯನ್ನು ಒತ್ತುತ್ತದೆ. ಗುಂಡು ಬಿಡುವುದಿಲ್ಲ. ಬಲ ಏರುತ್ತದೆ, ಸ್ನಾಯುರಜ್ಜು ಬಿಗಿಯುತ್ತದೆ, ಬೆರಳ ತುದಿಯ ಮಾಂಸ ಅಮುಕಿಕೊಳ್ಳುತ್ತದೆ. ಒಂದು ಮಿತಿ ದಾಟಿದಾಗ ಗುಂಡು ಕುಳಿಯಿಂದ ಮೇಲೆದ್ದು ಅಲಗಿನ ನುಣುಪು ಮೈಮೇಲೆ ಜಾರುತ್ತದೆ. ತಡೆ ಇಲ್ಲವಾಗುತ್ತದೆ, ಕೂಡಿದ್ದ ಬಲವೆಲ್ಲ ಅಲಗಿಗೆ ಸೇರುತ್ತದೆ.

ಅಂಕಿಗಳಲ್ಲಿ ನೋಡೋಣ. ಅಲಗಿನ ತೂಕ 40 ಗ್ರಾಂ, ಉದ್ದ 8 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅಗಲ, ದಪ್ಪ ಎಲ್ಲ ಕಡೆ ಒಂದೇ ಎಂದುಕೊಳ್ಳಿ. ಮೊನೆ ಕೀಲಿನಿಂದ 1 ಸೆಂಟಿಮೀಟರ್ ದೂರದಲ್ಲಿದೆ. ಗುಂಡು ಬಿಡುವ ಹೊತ್ತಿಗೆ ಬೆರಳಿನ ಬಲ 15 ನ್ಯೂಟನ್, ಅಂದರೆ ಒಂದೂವರೆ ಕಿಲೋ ತೂಕದಷ್ಟು. ಅದೇ ಬಲದಲ್ಲಿ ಬೆರಳು ಅಲಗನ್ನು 35 ಡಿಗ್ರಿ ತಿರುಗಿಸಿದರೆ ಅದಕ್ಕೆ ಸೇರುವ ಶಕ್ತಿ 0.09 ಜೂಲ್. ಇಷ್ಟು ಮುಗಿಯಲು ಹಿಡಿಯುವ ಕಾಲ ಸೆಕೆಂಡಿನ ನಲವತ್ತನೇ ಒಂದು ಭಾಗ. ಘರ್ಷಣೆಯನ್ನು ಬಿಟ್ಟರೆ ಉಳಿದ 145 ಡಿಗ್ರಿಗಳನ್ನು ಅಲಗು ಇದರ ಎರಡರಷ್ಟು ಕಾಲದಲ್ಲಿ ತಾನೇ ಓಡಿ ಮುಗಿಸುತ್ತದೆ. ಒಟ್ಟು ಸೇರಿದರೂ ಸೆಕೆಂಡಿನ ಹತ್ತನೇ ಒಂದು ಭಾಗ ಆಗುವುದಿಲ್ಲ. ಈಗ ಗುಂಡನ್ನು ತೆಗೆದುಬಿಡಿ. ಬೆರಳ ಬಲ 15 ನ್ಯೂಟನ್‌ಗೆ ಏರುವ ಮೊದಲೇ ಮೊನೆ ಬೆರಳಿನ ಕೆಳಗಿಂದ ಜಾರಿಹೋಗುತ್ತದೆ, ಅಲಗು ಅರ್ಧ ದಾರಿಯಲ್ಲಿ ನಿಂತು ತೂಗುತ್ತದೆ. ಅರ್ಧ ತೆರೆದ ಅಲಗು ಅತ್ಯಂತ ಅಪಾಯದ್ದು: ಅದು ಮಡಚಿಯೂ ಇಲ್ಲ, ಬೀಗವೂ ಬಿದ್ದಿಲ್ಲ.

ಚೆನ್ನಾದ ಚಾಕು ಕೊಂಡೂ ಅದು ತೆರೆಯುವುದಿಲ್ಲ ಎಂದು ದೂರುವವರಲ್ಲಿ ಹಲವರ ತೊಂದರೆ ಬೆರಳಿನ ಶಕ್ತಿಯದಲ್ಲ, ಹಿಡಿತದ್ದು. ಗುಂಡು ಕೂತಿರುವ ಪಟ್ಟಿಯೇ ಕೆಲವು ಚಾಕುಗಳಲ್ಲಿ ಹಿಡಿಯ ಹೊರಮೈಯೂ ಆಗಿರುತ್ತದೆ. ನಾಲ್ಕು ಬೆರಳು ಆ ಮೈಯನ್ನು ಅದುಮಿ ಹಿಡಿದರೆ ಗುಂಡು ಕುಳಿಯೊಳಗೆ ಇನ್ನೂ ಆಳಕ್ಕೆ ಒತ್ತಿಕೊಳ್ಳುತ್ತದೆ. ತೆರೆಯಲು ಹೊರಟ ಕೈಯೇ ಅಲಗನ್ನು ಕಟ್ಟಿಹಾಕುತ್ತದೆ. ಬೆರಳುಗಳನ್ನು ಆ ಪಟ್ಟಿಯಿಂದ ಸ್ವಲ್ಪ ಸರಿಸಿ ಹಿಡಿದರೆ ಅದೇ ಚಾಕು ಮೆತ್ತಗೆ ಬಿಚ್ಚುತ್ತದೆ.

ಮಣಿಕಟ್ಟು ಜಾಡಿಸಿ ತೆರೆಯುವವರನ್ನು ಸಿನಿಮಾಗಳಲ್ಲಿ ಕಂಡಿರುತ್ತೇವೆ. ಅಲ್ಲಿ ನಡೆಯುವುದು ಜಡತ್ವದ ಆಟ. ಕೈ ಹಿಡಿಯನ್ನು ಥಟ್ಟನೆ ತಿರುಗಿಸುತ್ತದೆ, ಅಲಗು ಇದ್ದ ದಿಕ್ಕಿನಲ್ಲೇ ಇರಲು ನೋಡುತ್ತದೆ, ಹಿಡಿ ಅಲಗನ್ನು ಬಿಟ್ಟು ಸರಿಯುತ್ತದೆ. ಡಿಟೆಂಟ್ ಸಡಿಲವಿರುವ ಚಾಕಿನಲ್ಲಿ ಇದು ಸುಲಭ. ಅಂಥ ಚಾಕು ಜೇಬಿನಲ್ಲೂ ಅಷ್ಟೇ ಸುಲಭವಾಗಿ ತೆರೆದುಕೊಂಡೀತು. ಇನ್ನೊಂದು ಲೆಕ್ಕವೂ ಇದೆ. ಮೇಲೆ ಹೇಳಿದ ಅಲಗು ನಿಂತಲ್ಲಿಂದ ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಾ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಪೂರ್ತಿ ತೆರೆದರೆ, ಕೊನೆಯಲ್ಲಿ ಅದರ ತುದಿಯ ವೇಗ ಗಂಟೆಗೆ 18 ಕಿಲೋಮೀಟರ್. ಆಗ ಅದರಲ್ಲಿರುವ ಶಕ್ತಿ 0.17 ಜೂಲ್, 100 ಗ್ರಾಂ ತೂಕವನ್ನು 17 ಸೆಂಟಿಮೀಟರ್ ಎತ್ತುವಷ್ಟು. ಇದಿಷ್ಟನ್ನೂ ಬುಡದಲ್ಲಿರುವ ತಡೆಪಿನ್ನು ನುಂಗಬೇಕು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದೊಳಗೆ ನಿಲ್ಲಿಸಬೇಕಾದರೆ ಸರಾಸರಿ ಬಲ 1,700 ನ್ಯೂಟನ್. ಒಂದು ಸಲಕ್ಕೆ ಇದರಿಂದ ಏನೂ ಆಗದು. ಹೊತ್ತು ಕಳೆಯಲು ದಿನವಿಡೀ ಜಾಡಿಸುತ್ತಿದ್ದರೆ ಪಿನ್ನು ಸವೆಯುತ್ತದೆ, ಬೀಗ ಸಡಿಲವಾಗುತ್ತದೆ.

ಕೀಲಿನ ಮಾತಿಗೆ ಬಂದರೆ ಈ ಸೀಮೆಯ ಹೆಸರು ತಾನಾಗಿ ನೆನಪಾಗುತ್ತದೆ. ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರ ಹೆಸರಾದದ್ದು ಲೇತುಗಳಿಂದ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸಿದ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಕಾರ್ಖಾನೆ ಈಗಿಲ್ಲ. ಆದರೆ ಪಿನ್ನಿಗೂ ತೂತಿಗೂ ನಡುವೆ ಎಷ್ಟು ಸಂದು ಇರಬೇಕು ಎಂಬ ಪ್ರಶ್ನೆಯನ್ನು ಉಸಿರಿನಷ್ಟು ಸಹಜವಾಗಿ ಕೇಳುವ ಟರ್ನರುಗಳನ್ನೂ ಫಿಟ್ಟರುಗಳನ್ನೂ ಅಂಥ ಕಾರ್ಖಾನೆಗಳೇ ರೂಪಿಸುತ್ತವೆ. ಮಡಚುಚಾಕಿನ ಹಣೆಬರಹ ಬರೆಯುವುದೂ ಆ ಸಂದೇ. ಅಲಗಿನ ದಪ್ಪ 3 ಮಿಲಿಮೀಟರ್, ಪಿನ್ನಿನ ಸುತ್ತ ಸಂದು 0.05 ಮಿಲಿಮೀಟರ್ ಇದೆಯೆನ್ನಿ. ಪಿನ್ನೊಂದೇ ಅಲಗನ್ನು ಹಿಡಿದಿದ್ದರೆ 80 ಮಿಲಿಮೀಟರ್ ದೂರದ ತುದಿ ಆ ಕಡೆ ಈ ಕಡೆ ಒಂದು ಮಿಲಿಮೀಟರಿಗೂ ಹೆಚ್ಚು ಅಲುಗುತ್ತದೆ. ಅದಕ್ಕೇ ಎರಡೂ ಬದಿಗೆ ವಾಷರು ಬೇಕು. ಫಾಸ್ಫರ್ ಬ್ರಾಂಜಿನ ವಾಷರು ಬಳಸಿ ಬಳಸಿ ನುಣುಪಾಗುತ್ತದೆ. ಬಾಲ್ ಬೇರಿಂಗು ಮೊದಲ ದಿನದಿಂದಲೇ ಹಗುರವಾಗಿ ತಿರುಗುತ್ತದೆ, ಆದರೆ ಹತ್ತಿಯ ನಾರು, ಭತ್ತದ ಹೊಟ್ಟಿನ ಧೂಳು ಅದರೊಳಗೆ ಸೇರಿದರೆ ಸತಾಯಿಸುತ್ತದೆ. ಗಿರಣಿ, ಗೋದಾಮುಗಳ ನಡುವೆ ದುಡಿಯುವವರಿಗೆ ಬ್ರಾಂಜಿನ ವಾಷರೇ ಮೇಲು ಎಂದು ನನಗನಿಸುತ್ತದೆ.

ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ಹಿಡಿಯುವುದು ಬೀಗ. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೆಲ್ ವಾಕರ್ ಇಂದಿನ ರೂಪಕ್ಕೆ ತಂದ ಲೈನರ್ ಲಾಕ್‌ನಲ್ಲಿ, ಹಿಡಿಯೊಳಗಿನ ಪಟ್ಟಿ ಸ್ಪ್ರಿಂಗಿನಂತೆ ಬಾಗಿ ಅಲಗಿನ ಬುಡದ ಹಿಂದೆ ಬಂದು ನಿಲ್ಲುತ್ತದೆ. ಅಲಗಿನ ಬುಡವನ್ನು ಅಲ್ಲಿ ಏಳೆಂಟು ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ಲೇತಿನ ಟೇಲ್‌ಸ್ಟಾಕಿಗೆ ಡ್ರಿಲ್ ಚಕ್ ಸಿಕ್ಕಿಸಿದವರಿಗೆ ಈ ತತ್ತ್ವ ಕೈಯಲ್ಲೇ ಗೊತ್ತು. ಮೋರ್ಸ್ ಟೇಪರಿಗೆ ತಿರುಪಿಲ್ಲ, ಬೋಲ್ಟಿಲ್ಲ. ಸುಮಾರು ಇಪ್ಪತ್ತಕ್ಕೆ ಒಂದರಂತೆ ಕಿರಿದಾಗುತ್ತಾ ಹೋಗುವ ಆ ಓರೆ ಎಷ್ಟು ಸಣ್ಣದೆಂದರೆ ಒತ್ತಿ ಕೂರಿಸಿದರೆ ಘರ್ಷಣೆಯೇ ಅದನ್ನು ಹಿಡಿದುಕೊಳ್ಳುತ್ತದೆ. ಓರೆಯ ಕೋನದ ಟ್ಯಾಂಜೆಂಟು ಘರ್ಷಣಾಂಕಕ್ಕಿಂತ ಕಡಿಮೆ ಇರುವವರೆಗೆ ಬೆಣೆ ಹಿಂದೆ ಜಾರದು. 8 ಡಿಗ್ರಿಯ ಟ್ಯಾಂಜೆಂಟು 0.14. ಒಣಗಿದ ಉಕ್ಕಿನ ಮೇಲೆ ಉಕ್ಕಿನ ಘರ್ಷಣಾಂಕ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಎಣ್ಣೆ ಬಿದ್ದರೆ ಆ ಅಂತರ ಸಣ್ಣದಾಗುತ್ತದೆ. ಆದ್ದರಿಂದ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ, ಬೀಗ ಕೂರುವ ಮುಖವನ್ನು ಒರೆಸಿ ಒಣಗಿಸಿ. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂದು ಇಡೀ ಚಾಕನ್ನು ಅದ್ದಿ ತೆಗೆಯುವವರು ತಮ್ಮ ಬೆರಳನ್ನೇ ಪಣಕ್ಕಿಡುತ್ತಾರೆ.

ಒಂದು ಕೈಯ ಚಾಕಿನ ಬಗ್ಗೆ ದೇಶಗಳ ನಿಲುವು ಒಂದೇ ಅಲ್ಲ. ಜರ್ಮನಿ 2008ರಲ್ಲಿ, ಒಂದೇ ಕೈಯಲ್ಲಿ ತೆರೆದು ಬೀಗ ಬೀಳುವ ಚಾಕನ್ನು ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಅದೇ ಹೊತ್ತಿಗೆ ನೆರೆಯ ಸ್ವಿಟ್ಜರ್ಲೆಂಡಿನ ಸೇನೆ ತನ್ನ ಸೈನಿಕರಿಗೆ ಒಂದೇ ಕೈಯಲ್ಲಿ ತೆರೆಯುವ, ಅಲಗಿನಲ್ಲಿ ತೂತಿರುವ ವಿಕ್ಟೊರಿನಾಕ್ಸ್ ಚಾಕನ್ನು ಆರಿಸಿಕೊಂಡಿತು. ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಚಿಮ್ಮುವ ಚಾಕಿಗೆ ಬ್ರಿಟನ್ 1959ರಲ್ಲೇ ತಡೆ ಹಾಕಿತ್ತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು ನೋಡುವುದು ಅಲಗಿನ ಅಳತೆ ಮತ್ತು ಉದ್ದೇಶವನ್ನು. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆ, ಕೃಷಿ, ಕೈಗಾರಿಕೆಗೆಂದೇ ಮಾಡಿದ ಸಾಧನಗಳಿಗೆ ವಿನಾಯಿತಿ ಇದೆ. ಹೆದರಿಸಲು ಹೊರತೆಗೆದ ಚಾಕು ಎಷ್ಟೇ ಚಿಕ್ಕದಿದ್ದರೂ ಅಪರಾಧವೇ. 'ಬಟನ್ ಚಾಕು' ಎಂಬ ಮಾತು ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲೇ ಹೆಚ್ಚು ಕಾಣುವುದರಿಂದ ಒಂದು ಕೈಯ ಚಾಕೆಂದರೆ ರೌಡಿಗಳದ್ದು ಎಂಬ ಭಾವನೆ ಬೆಳೆದಿದೆ. ಒಂದು ಕೈಯಲ್ಲಿ ಚೀಲ ಹಿಡಿದು ನಿಂತ ಹಮಾಲರಿಗೆ ಈ ಭಾವನೆಯಿಂದ ಅನ್ಯಾಯವಾಗುತ್ತದೆ.

ತೆರೆಯುವುದನ್ನು ಕಲಿತವರು ಮುಚ್ಚುವುದನ್ನು ಕಲಿಯುವುದಿಲ್ಲ, ಬೆರಳು ಕುಯ್ಯುವುದು ಅಲ್ಲೇ. ಲೈನರ್ ಲಾಕ್ ಸರಿಸುವಾಗ ಹೆಬ್ಬೆರಳು ಅಲಗು ಬರುವ ದಾರಿಯಲ್ಲೇ ಇರುತ್ತದೆ. ಸರಿಯಾದ ಕ್ರಮ ಹೀಗೆ: ಬೀಗ ಸರಿಸಿ, ತೋರುಬೆರಳಿನಿಂದ ಅಲಗಿನ ಬೆನ್ನನ್ನು ಸ್ವಲ್ಪವೇ ಒತ್ತಿ. ಅಲಗು ಇಪ್ಪತ್ತು ಮೂವತ್ತು ಡಿಗ್ರಿ ಬಾಗಿದೊಡನೆ ಹೆಬ್ಬೆರಳನ್ನು ಪೂರ್ತಿ ಹೊರತೆಗೆಯಿರಿ, ಆಮೇಲೆ ಮಿಕ್ಕದ್ದನ್ನು ಮಡಚಿ. ಎಷ್ಟೋ ಚಾಕುಗಳಲ್ಲಿ ಅಲಗಿನ ಬುಡದಲ್ಲಿ ಹರಿತವಿಲ್ಲದ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ, ಕೈ ತಪ್ಪಿದರೂ ಮೊದಲು ತಾಗುವುದು ಅದೇ. ಕೊನೆಯ ಕೆಲವು ಡಿಗ್ರಿ ಉಳಿದಾಗ ಗುಂಡು ಮತ್ತೆ ಕುಳಿಯ ಅಂಚಿಗೆ ಬರುತ್ತದೆ, ಅಲಗನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಆ ಎಳೆತ ಕೈಗೆ ತಿಳಿಯದಿದ್ದರೆ ಒಂದು ಪರೀಕ್ಷೆ ಮಾಡಿ: ಮಡಚಿದ ಚಾಕನ್ನು, ಅಲಗು ಹೊರಬರುವ ಬದಿ ಕೆಳಗಿರುವಂತೆ ಹಿಡಿದು, ಕೆಳಗೆ ಇನ್ನೊಂದು ಕೈಯಾಗಲಿ ಕಾಲಾಗಲಿ ಇಲ್ಲದಂತೆ ಮೆಲ್ಲಗೆ ಕುಲುಕಿ. ಅಲಗು ಇಣುಕಿದರೆ ಗುಂಡು ಸವೆದಿದೆ ಅಥವಾ ಪಟ್ಟಿ ಬಲ ಕಳೆದುಕೊಂಡಿದೆ. ಅಂಥ ಚಾಕನ್ನು ದುರಸ್ತಿಯಾಗುವ ತನಕ ಜೇಬಿಗೆ ಹಾಕಬೇಡಿ.